ಬಿಡಿ ಅನುಭವಗಳು ಒಂದಾಗುವುದು ಹೇಗೆ?

ಪ್ರಶ್ನೆ: ಕಾಫಿಯ ಬಿಸಿ, ಬಣ್ಣ, ಪರಿಮಳಗಳನ್ನು ಮಿದುಳಿನ ಬೇರೆ ಬೇರೆ ಭಾಗಗಳು ಗ್ರಹಿಸುತ್ತವಂತೆ. ಆದರೂ ನಮಗಾಗುವುದು ಒಂದೇ ಅನುಭವ, ಹೇಗೆ?

ಉತ್ತರ: ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಬಿಡಿ ಅನುಭವಗಳನ್ನು ಪೇರಿಸಿದರೆ ಸಾಲದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ವಾದಿಸಿದ್ದರು: ಹನ್ನೆರಡು ಪದಗಳ ವಾಕ್ಯವನ್ನು ಹನ್ನೆರಡು ಮಂದಿಗೆ ಒಂದೊಂದೇ ಪದವಾಗಿ ಹಂಚಿ, ಅವರನ್ನು ಎಷ್ಟೇ ಒತ್ತಾಗಿ ನಿಲ್ಲಿಸಿದರೂ ಇಡೀ ವಾಕ್ಯ ಯಾರ ಅರಿವಿಗೂ ಬಾರದು. ಈ ತೊಡಕು ಇಂದಿಗೂ ಬಿಡಿಸಿಲ್ಲವೆಂದೇ ನನ್ನೆಣಿಕೆ. ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ನರತಂತುಗಳನ್ನು ಕತ್ತರಿಸಲಾಗಿದ್ದವರನ್ನು ರೋಜರ್ ಸ್ಪೆರಿ (1981ರ ನೊಬೆಲ್ ಪುರಸ್ಕೃತರು) ಪರೀಕ್ಷಿಸಿದಾಗ, ನೋಟದ ಎಡಬದಿಯಲ್ಲಿ ಮಿಂಚಿ ಮರೆಯಾದ ಚಿತ್ರದ ಬಗ್ಗೆ ಬಾಯಿ ‘ಏನೂ ಕಾಣಲಿಲ್ಲ’ ಎನ್ನುತ್ತಿದ್ದರೂ, ಎಡಗೈ ಮಾತ್ರ ತಡಕಾಡಿ ಅದೇ ವಸ್ತುವನ್ನು ಹೆಕ್ಕುತ್ತಿತ್ತು. ಎಡಬದಿಯ ನೋಟ ತಲುಪುವುದೂ ಎಡಗೈಯನ್ನು ನಡೆಸುವುದೂ ಮಿದುಳಿನ ಬಲ ಅರ್ಧ; ಮಾತಾಡುವುದು ಸಾಮಾನ್ಯವಾಗಿ ಎಡ ಅರ್ಧ. ಒಗ್ಗೂಡುವಿಕೆಗೆ ಆ ತಂತುಗಳ ಸಂಪರ್ಕ ಬೇಕೆಂದು ಇದರಿಂದ ತಿಳಿಯುತ್ತದೆಯೇ ಹೊರತು, ಸಂಪರ್ಕವು ಅನುಭವವಾಗಿ ಮಾರ್ಪಡುವ ಬಗೆಯಲ್ಲ.