ಲೀಸಿನಲ್ಲಿ ‘ಮೇಗನ್ಸ್ ಲಾ’ ಪ್ಯಾರಾ ಕಂಡು ಹೆದರಿದ ಬದಿಯಡ್ಕದ ತಂಗಿಗೆ

ಬದಿಯಡ್ಕದಿಂದ ಸ್ಯಾನ್ ಹೋಸೆಗೆ ಹೊಸದಾಗಿ ಬಂದ ತಂಗಿಯೊಬ್ಬರ ಪ್ರಶ್ನೆ ಇದು: ಬಾಡಿಗೆ ಮನೆಯ ಲೀಸಿನಲ್ಲಿ ನೋಂದಾಯಿತ ಲೈಂಗಿಕ ಅಪರಾಧಿಗಳ ಬಗ್ಗೆ ಒಂದು ಪ್ಯಾರಾ ಉಂಟು, ಆ ಕಟ್ಟಡದಲ್ಲೇ ಅಂಥವರಿದ್ದಾರೆ ಎಂದು ಅರ್ಥವೇ, ಆರು ವರ್ಷದ ಮಗಳನ್ನು ಕರಕೊಂಡು ಅಲ್ಲಿರಬಹುದೇ?

ತಂಗೀ, ಆ ಪ್ಯಾರಾ ನಿಮ್ಮ ಮನೆಯ ಬಗ್ಗೆ ಏನೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಾಸದ ಮನೆಯ ಪ್ರತಿಯೊಂದು ಬಾಡಿಗೆ ಕರಾರಿನಲ್ಲೂ ಅದು ಇರಲೇಬೇಕೆಂದು ಕಾನೂನು. ಅಂಥ ಅಪರಾಧಿಗಳ ಮಾಹಿತಿ ಸರಕಾರದ ಜಾಲತಾಣದಲ್ಲಿದೆ, ಬೇಕಾದವರು ನೋಡಿಕೊಳ್ಳಿ ಎಂಬುದಷ್ಟೇ ಅದರ ತಾತ್ಪರ್ಯ. ನೋಡುವುದಾದರೆ ಸಹಿ ಹಾಕುವ ಮೊದಲೇ ನೋಡಿ. ಪಟ್ಟಿಯಲ್ಲಿ ಯಾರೋ ಇದ್ದಾರೆಂದು ಆಮೇಲೆ ಕರಾರು ಮುರಿಯುವುದು ಸುಲಭವಲ್ಲ.

ಇಂಥವರ ಮಾಹಿತಿ ಜನರಿಗೆ ಸಿಗಬೇಕೆನ್ನುವ ಕಾನೂನೇ ‘ಮೇಗನ್ಸ್ ಲಾ’. ಅದಕ್ಕೆ ಆ ಹೆಸರು ಬಂದದ್ದು ನ್ಯೂಜೆರ್ಸಿಯ ಏಳು ವರ್ಷದ ಮೇಗನ್ ಕಾಂಕಾಳಿಂದ. 1994ರಲ್ಲಿ ಎದುರು ಮನೆಯವನೇ ಅವಳನ್ನು ಕೊಂದ. ಅವನಿಗೆ ಹಿಂದೆಯೇ ಶಿಕ್ಷೆಯಾಗಿದ್ದದ್ದು ಹೆತ್ತವರಿಗೆ ಗೊತ್ತಿರಲಿಲ್ಲ. 1996ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂತು. ಭಾರತದಲ್ಲಿಯೂ 2018ರಿಂದ ಇಂಥದೊಂದು ದಾಖಲೆ ಉಂಟು, ಆದರೆ ಅದನ್ನು ನೋಡುವ ಅಧಿಕಾರ ಪೊಲೀಸರಿಗೆ ಮಾತ್ರ. ಬದಿಯಡ್ಕದಲ್ಲಾದರೆ ಮನೆಹೆಸರು ಹೇಳಿದರೆ ಸಾಕು, ಪೇಟೆಯಲ್ಲೇ ಮೂರು ತಲೆಮಾರಿನ ಸುದ್ದಿ ಸಿಗುತ್ತದೆ. ಇಲ್ಲಿ ಆ ದಾರಿ ಇಲ್ಲ.

ಮೇಗನ್ಸ್‌ಲಾ ಡಾಟ್ ಸಿಎ ಡಾಟ್ ಗವ್ ತೆರೆಯಿರಿ. ಷರತ್ತುಗಳನ್ನು ಓದಿ ಒಪ್ಪಿ, ಮನೆಯ ವಿಳಾಸ ಹಾಕಿ. ಆಮೇಲೆ ಶಾಲೆ ಮತ್ತು ಮಗಳು ಆಡುವ ಪಾರ್ಕಿನ ವಿಳಾಸವನ್ನೂ ಹಾಕಿ. ನಕ್ಷೆಯಲ್ಲಿ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ. ಒಳಗೆ ಹೋಗಿ ಫೋಟೋ, ವಯಸ್ಸು, ಯಾವ ಅಪರಾಧ, ಯಾವ ವರ್ಷದ್ದು ಎಂಬುದನ್ನೆಲ್ಲ ಓದಿ. ಹೆಸರು ಮಾತ್ರ ಹೊಂದಿತೆಂದು ಯಾರನ್ನೂ ಸಂಶಯಿಸಬೇಡಿ. ಬೇರೆ ರಾಜ್ಯಕ್ಕೆ ಹೋಗುವುದಿದ್ದರೆ ಕೇಂದ್ರ ಸರಕಾರದ ಎನ್‌ಎಸ್‌ಒಪಿಡಬ್ಲ್ಯು ಡಾಟ್ ಗವ್ ಎಲ್ಲ ರಾಜ್ಯಗಳ ಪಟ್ಟಿಯನ್ನು ಒಟ್ಟಿಗೆ ಹುಡುಕಿಕೊಡುತ್ತದೆ.

ಇನ್ನು ಮುಖ್ಯವಾದ್ದು. ನಕ್ಷೆ ಖಾಲಿ ಕಂಡರೆ ಯಾರೂ ಇಲ್ಲವೆಂದು ತಿಳಿಯಬೇಡಿ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ ಈ ಅಪರಾಧಿಗಳ ನೋಂದಣಿಗೆ ಮೂರು ಶ್ರೇಣಿ: ಕನಿಷ್ಠ 10 ವರ್ಷ, ಕನಿಷ್ಠ 20 ವರ್ಷ, ಇಲ್ಲವೇ ಜೀವನಪೂರ್ತಿ ನೋಂದಣಿ. ಎಲ್ಲರನ್ನೂ ಜಾಲತಾಣದಲ್ಲಿ ಹಾಕುವುದಿಲ್ಲ. ಕೆಲವರ ಪೂರ್ತಿ ವಿಳಾಸ ಇರುತ್ತದೆ, ಕೆಲವರದ್ದು ಜಿಪ್‌ಕೋಡ್ ಮಾತ್ರ, ಕೆಲವರ ಹೆಸರೇ ಇರುವುದಿಲ್ಲ. ಮನೆ ಬದಲಿಸಿದವರು ಪೊಲೀಸರಿಗೆ ತಿಳಿಸಲು ಐದು ಕೆಲಸದ ದಿನಗಳ ಅವಕಾಶ ಉಂಟು, ನೆಲೆಯಿಲ್ಲದವರು 30 ದಿನಕ್ಕೊಮ್ಮೆ ಹೋಗಿ ದಾಖಲಿಸಬೇಕು. ತಿಳಿಸದೆ ತಪ್ಪಿಸಿಕೊಳ್ಳುವವರೂ ಇರುವುದರಿಂದ ನಕ್ಷೆಯಲ್ಲಿ ಕಾಣುವ ವಿಳಾಸ ಹಳೆಯದಾಗಿರಬಹುದು.

ಸಿಕ್ಕ ಫೋಟೋವನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕುವುದು, ಅವರ ಬಾಗಿಲು ತಟ್ಟುವುದು ಖಂಡಿತ ಬೇಡ. ಈ ಮಾಹಿತಿ ಬಳಸಿ ಸಣ್ಣ ಅಪರಾಧ ಎಸಗಿದರೂ 10,000ದಿಂದ 50,000 ಡಾಲರ್ ದಂಡ. ದೊಡ್ಡದಾದರೆ ಆ ಶಿಕ್ಷೆಯ ಮೇಲೆ ಇನ್ನೂ ಐದು ವರ್ಷ ಜೈಲು. ವೀಸಾದ ಮೇಲಿರುವವರಿಗೆ ಇದು ಆಟದ ಮಾತಲ್ಲ.

ಪಟ್ಟಿಯಲ್ಲಿರುವುದು ಹಿಂದೆ ಸಿಕ್ಕಿಬಿದ್ದು ಶಿಕ್ಷೆಯಾದವರು ಮಾತ್ರ. ಮಕ್ಕಳನ್ನು ಕೆಡಿಸುವವರಲ್ಲಿ ಹೆಚ್ಚಿನವರು ಮಗುವಿಗೆ ಮೊದಲೇ ಪರಿಚಿತರು: ನೆಂಟರು, ಮನೆಗೆ ಬಂದು ಹೋಗುವವರು, ಪಾಠ ಹೇಳುವವರು. ಆದ್ದರಿಂದ ನಕ್ಷೆಗಿಂತ ಹೆಚ್ಚು ಹೊತ್ತು ಮಗಳು ಯಾರ ಕೈಯಲ್ಲಿರುತ್ತಾಳೆ ಎಂಬುದಕ್ಕೆ ಕೊಡಿ. ‘ಕುಂಬಳೆಯವರು, ನಮ್ಮವರೇ’ ಎಂಬ ಒಂದೇ ಮಾತಿನ ಮೇಲೆ ಮಗುವನ್ನು ಯಾರ ಮನೆಯಲ್ಲೂ ಬಿಡಬೇಡಿ. ನೆಂಟರಲ್ಲದ ಆಯಾ ಬರುವುದಾದರೆ ಮಕ್ಕಳನ್ನು ನೋಡಿಕೊಳ್ಳುವವರ ಹಿನ್ನೆಲೆ ಪರೀಕ್ಷಿಸುವ ರಾಜ್ಯದ ಪಟ್ಟಿಯಾದ ಟ್ರಸ್ಟ್‌ಲೈನ್‌ನಲ್ಲಿ ನೋಂದಣಿ ಮಾಡಿಸಿ. ಅವರು ಬೆರಳಚ್ಚು ಕೊಡಬೇಕು, ರಾಜ್ಯದ ಮತ್ತು ಎಫ್‌ಬಿಐ ದಾಖಲೆಗಳಲ್ಲಿ ಹುಡುಕುತ್ತಾರೆ. ಡೇಕೇರ್ ಆದರೆ ಲೈಸೆನ್ಸ್ ನಂಬರು ಕೇಳಿ, ರಾಜ್ಯದ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ತಾಣದಲ್ಲಿ ತನಿಖೆಯ ವರದಿಗಳನ್ನು ಓದಿ. ಭರತನಾಟ್ಯವಿರಲಿ ಈಜು ಇರಲಿ, ತರಗತಿಯನ್ನು ಪೋಷಕರು ಹೊರಗಿನಿಂದ ನೋಡಲು ಬಿಡುತ್ತಾರೋ ವಿಚಾರಿಸಿ.

ಊರಿನಿಂದ ಆರು ತಿಂಗಳಿಗೆ ಬರುವ ಅಜ್ಜ ಅಜ್ಜಿಗೂ ಇದನ್ನೆಲ್ಲ ಹೇಳಬೇಕು. ಪಾರ್ಕಿನಲ್ಲಿ ಮಾತಿಗೆ ಸಿಕ್ಕಿದವರ ಬಳಿ ‘ಸ್ವಲ್ಪ ನೋಡಿಕೊಳ್ಳಿ’ ಎಂದು ಮಗುವನ್ನು ಬಿಟ್ಟು ಬಚ್ಚಲಿಗೆ ಹೋಗುವ ಅಭ್ಯಾಸ ಇಲ್ಲಿ ಬೇಡ. ಮಗಳಿಗೆ ದೇಹದ ಭಾಗಗಳ ಸರಿಯಾದ ಹೆಸರು ಕಲಿಸಿ, ‘ಅಮ್ಮನಿಗೆ ಹೇಳಬೇಡ’ ಎಂದು ಯಾರು ಹೇಳಿದರೂ ಅದನ್ನೇ ಮೊದಲು ಬಂದು ಹೇಳುವಂತೆ ಅಭ್ಯಾಸ ಮಾಡಿಸಿ. ಅವಳು ಹೇಳುವಾಗ ಸಿಟ್ಟಾಗಬೇಡಿ, ಅಡ್ಡಪ್ರಶ್ನೆ ಕೇಳಬೇಡಿ. ಒಮ್ಮೆ ಗದರಿದರೆ ಮತ್ತೆ ಬಾಯಿ ಬಿಡುವುದಿಲ್ಲ.

ಸಂಶಯ ಬಂದರೆ, ಅಪಾಯ ಕಣ್ಣೆದುರೇ ಇದ್ದರೆ 911. ಇಲ್ಲವಾದರೆ ಕೌಂಟಿಯ ಮಕ್ಕಳ ರಕ್ಷಣೆಯ ಹಾಟ್‌ಲೈನ್‌ಗೆ ಕರೆ ಮಾಡಿ. ನಿಮ್ಮ ಹೆಸರು ಕೊಡಲೇಬೇಕೆಂದಿಲ್ಲ. ಭಾಷೆ ತೊಡಕಾದರೆ ದುಭಾಷಿಯನ್ನು ಕೇಳಿ. ವೀಸಾಕ್ಕೆ ಏನಾದೀತೋ ಎಂದು ಮುಚ್ಚಿಡಬೇಡಿ. ಇಂಥ ಅಪರಾಧಕ್ಕೆ ಗುರಿಯಾಗಿ ತನಿಖೆಗೆ ಸಹಕರಿಸುವವರಿಗೆಂದೇ ಯು ವೀಸಾ ಉಂಟು. ಕೌಂಟಿಯ ಹಾಟ್‌ಲೈನ್ ನಂಬರನ್ನು ಇವತ್ತೇ ಹುಡುಕಿ ನಿಮ್ಮಿಬ್ಬರ ಫೋನಿನಲ್ಲೂ ಸೇವ್ ಮಾಡಿಕೊಳ್ಳಿ.