ನರ್ಸ್ ಕೇಳಿದಾಗ ‘ಪರವಾಗಿಲ್ಲ’ ಅನ್ನಬೇಡಿ

ನಿಮ್ಮ ಪ್ರಶ್ನೆ ಓದಿದೆ. ಹೊರದೇಶಕ್ಕೆ ಬಂದು ನಾಲ್ಕು ತಿಂಗಳು, ಈಗ ಬಸುರಿಗೆ ಏಳು ತಿಂಗಳು ತುಂಬಿದೆ ಅಂದಿದ್ದೀರಿ. ಮೊದಲ ಮಗುವಿಗೆ ಹಾಲು ಕೊಡುವಾಗ ತೊಟ್ಟು ಒಡೆದು ರಕ್ತ ಬಂತು, ಹಾಲು ಸಾಲಲಿಲ್ಲ, ಮೂರನೇ ವಾರಕ್ಕೆ ಪೌಡರ್ ಹಾಲು ಶುರುವಾಯಿತು. ಈ ಸಲ ಮನೆಯಿಂದ ಯಾರೂ ಬರುವ ಹಾಗಿಲ್ಲ, ಇಲ್ಲಿನ ಭಾಷೆಯೂ ಅರ್ಧಂಬರ್ಧ. ಎದೆಹಾಲು ಕೊಡಲು ಆಗುತ್ತದಾ, ಪಂಪ್ ಈಗಲೇ ಕೊಂಡಿಡಲಾ ಅಂತ ಕೇಳಿದ್ದೀರಿ.

ನಾನು ಹೊರದೇಶಕ್ಕೆ ಬಂದು ಹನ್ನೆರಡು ವರ್ಷ ಆಯಿತು. ಎರಡೂ ಹೆರಿಗೆ ಇಲ್ಲೇ ಆದವು. ಮೊದಲ ಸಲ ಪೂರ್ತಿ ಸೋತೆ, ಎರಡನೇ ಸಲ ಮುಕ್ಕಾಲು ಗೆದ್ದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಚೊಚ್ಚಲ ಮಗು ಹುಟ್ಟಿದ ಎರಡನೇ ರಾತ್ರಿ. ನರ್ಸ್ ಬಂದು, ಮಗು ಹಾಲು ಕುಡೀತಿದೆಯಾ, ನೋವಿದೆಯಾ ಅಂತ ಕೇಳಿದಳು. ಮಗು ಬಾಯಿ ಹಾಕಿದಾಗಲೆಲ್ಲ ನನ್ನ ಕಾಲ್ಬೆರಳು ಮುದುಡಿಕೊಳ್ಳುವಷ್ಟು ನೋವು. ನಾನು ನಕ್ಕು ‘ಓಕೆ’ ಅಂದೆ. ನಮ್ಮ ‘ಪರವಾಗಿಲ್ಲ’ ಇದೆಯಲ್ಲ, ಅದೇ. ನಮ್ಮವರಾದರೆ ಆ ಮಾತು ಕೇಳಿ ಮುಖ ನೋಡುತ್ತಾರೆ, ಇನ್ನೊಮ್ಮೆ ಕೇಳುತ್ತಾರೆ. ಅವಳು ‘ಚೆನ್ನಾಗಿ ಕುಡಿಯುತ್ತಿದೆ’ ಅಂತ ಚಾರ್ಟಿನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋದಳು. ಐದನೇ ದಿನ ತೂಕ ನೋಡಿದರೆ 3,100 ಗ್ರಾಂ ಇದ್ದ ಮಗು 2,720ಕ್ಕೆ ಇಳಿದಿತ್ತು. ಹುಟ್ಟಿದ ಮೇಲೆ ಎಲ್ಲ ಮಕ್ಕಳೂ ಸ್ವಲ್ಪ ತೂಕ ಇಳಿಯುತ್ತವೆ, ಆದರೆ ಹತ್ತರಲ್ಲೊಂದು ಪಾಲು ದಾಟಿದರೆ ಸುಮ್ನೆ ಬಿಡುವ ಹಾಗಿಲ್ಲ. ಬಾಟಲಿ ಬಂತು. ಬರಲೇಬೇಕಿತ್ತು, ಅದರ ಬಗ್ಗೆ ನನಗೆ ಕೋಪವಿಲ್ಲ. ಆದರೆ ಬಾಟಲಿ ಕೊಟ್ಟಾಗಲೆಲ್ಲ ಎದೆಯಿಂದಲೂ ಹಾಲು ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಲು ಬಾವಿ ನೀರಿನ ಹಾಗೆ, ಸೇದಿದಷ್ಟೂ ಊರುತ್ತದೆ. ಸೇದದೆ ಬಿಟ್ಟೆ, ಆರು ವಾರಕ್ಕೆ ಬತ್ತಿತು.

ಈಗ ನಿಮ್ಮ ವಿಷಯ. ಒಂದು ಸಲ ಹಾಲು ಸಾಲಲಿಲ್ಲ ಅಂದರೆ ಎರಡನೇ ಸಲವೂ ಹಾಗೇ ಆಗುತ್ತದೆ ಅಂತಿಲ್ಲ. 2001ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಅಧ್ಯಯನ ಬಂದಿತ್ತು, ಬರೀ 22 ತಾಯಂದಿರದು. ಎರಡನೇ ಮಗುವಿಗೆ ಮೊದಲ ವಾರದಲ್ಲೇ ಹಾಲು ಜಾಸ್ತಿ ಬಂದಿತ್ತು. ಮೊದಲ ಸಲ ತೀರಾ ಕಡಿಮೆ ಇದ್ದವರಲ್ಲೇ ಹೆಚ್ಚಳ ಜಾಸ್ತಿ. ಇದನ್ನು ನನಗೆ ತೋರಿಸಿದ್ದು ಲ್ಯಾಕ್ಟೇಶನ್ ಕನ್ಸಲ್ಟೆಂಟ್, ಅಂದರೆ ಹಾಲುಣಿಸುವುದಕ್ಕೇ ಸಲಹೆ ಕೊಡುವವರು. ಐಬಿಸಿಎಲ್‌ಸಿ ಅನ್ನುವ ಅರ್ಹತೆ ಇರುವವರು ಎಷ್ಟೋ ದೇಶಗಳಲ್ಲಿ ಇದ್ದಾರೆ. ದುಡ್ಡಿಲ್ಲದೆ ಬೇಕೆಂದರೆ ಹಾಲುಣಿಸುವ ತಾಯಂದಿರಿಗೆ ನೆರವಾಗುವ ಲಾ ಲೆಚೆ ಲೀಗ್ ಅನ್ನುವ ಸಂಸ್ಥೆ ಇದೆ. 1956ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಈಗ ಬಹಳ ದೇಶಗಳಲ್ಲಿ ಅದರ ಸ್ವಯಂಸೇವಕಿಯರಿದ್ದಾರೆ. ಇವರನ್ನು ಹೆರಿಗೆ ಆದಮೇಲೆ ಹುಡುಕಲು ಹೋಗಬೇಡಿ. ಮೂರನೇ ರಾತ್ರಿ ಎದೆ ಕಲ್ಲಾಗಿ, ಮಗು ಕಿರುಚುತ್ತಿರುವಾಗ ಹೊಸ ಭಾಷೆಯಲ್ಲಿ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳೋದು ಯಾರಿಗೂ ಬೇಡ. ಈಗಲೇ ಒಮ್ಮೆ ಭೇಟಿ ಮಾಡಿ. ಹೋಗುವಾಗ ಮೊದಲ ಹೆರಿಗೆಯ ಕಾಗದಪತ್ರ ಒಯ್ಯಿರಿ.

ನನ್ನ ಕನ್ಸಲ್ಟೆಂಟ್ ನನ್ನ ಕಾಗದ ನೋಡುತ್ತಾ ಕೇಳಿದ್ದು ಇವು: ಬಸುರಿನಲ್ಲಿ ಎದೆ ದೊಡ್ಡದಾಯಿತಾ? ಹೆರಿಗೆಯಲ್ಲಿ ರಕ್ತ ಎಷ್ಟು ಹೋಯಿತು? ಥೈರಾಯ್ಡ್, ಪಿಸಿಓಎಸ್ (ಹಾರ್ಮೋನು ಏರುಪೇರಿನ ಒಂದು ತೊಂದರೆ) ಇದೆಯಾ? ಎದೆಗೆ ಆಪರೇಶನ್ ಆಗಿತ್ತಾ? ಎದೆಗೆ ಹಾಲು ತುಂಬಿ ಬಂದದ್ದು ಎಷ್ಟನೇ ದಿನ? ನನ್ನದು ಐದನೇ ದಿನ. ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ ತುಂಬಿ ಬರುತ್ತದಂತೆ. ನನಗೆ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು, ಹಾಗೆ ಹೋದರೆ ಹಾಲು ತಡವಾಗಬಹುದು. ಮೂರು ವರ್ಷ ನಾನು ‘ನನ್ನ ಮೈಯೇ ಸರಿಯಿಲ್ಲ’ ಅಂದುಕೊಂಡಿದ್ದೆ. ಕಾರಣ ನನ್ನ ಫೈಲಿನಲ್ಲೇ ಒಂದು ಸಾಲಿನಲ್ಲಿ ಬರೆದಿತ್ತು. ಓದಿ ಅತ್ತುಬಿಟ್ಟೆ.

ನಿಮ್ಮದು ತೊಟ್ಟು ಒಡೆದ ಕಥೆ. ಹೆಚ್ಚಾಗಿ ಮಗು ಎದೆ ಹಿಡಿದ ರೀತಿ ಸರಿಯಿಲ್ಲದಿದ್ದರೆ ಹಾಗಾಗುತ್ತದೆ. ಕೆಲವೊಮ್ಮೆ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದ್ದರೂ ಆಗುತ್ತದೆ, ಅದನ್ನು ನೋಡಿ ಅಂತ ನೀವೇ ಕೇಳಿ. ನನಗೆ ಹೇಳಿಕೊಟ್ಟದ್ದು ಹೀಗೆ. ಮಗುವಿನ ಹೊಟ್ಟೆ ನಮ್ಮ ಹೊಟ್ಟೆಗೆ ಅಂಟಿರಬೇಕು, ಮೂಗು ತೊಟ್ಟಿನ ಎದುರಿಗೆ. ತೊಟ್ಟು ಮೇಲ್ತುಟಿಗೆ ತಾಗಿಸಿ ಕಾಯಬೇಕು. ಆಕಳಿಸುವಷ್ಟು ಬಾಯಿ ತೆರೆದ ತಕ್ಷಣ ಮಗುವನ್ನು ಎದೆಗೆ ತರಬೇಕು, ಎದೆಯನ್ನು ಮಗುವಿನ ಬಾಯಿಗೆ ತುರುಕಬಾರದು. ಗದ್ದ ಎದೆಗೆ ಒತ್ತಿರುತ್ತದೆ, ಮೂಗು ಬಿಡುವಾಗಿರುತ್ತದೆ. ಕುಡಿದು ಬಿಟ್ಟಮೇಲೆ ತೊಟ್ಟನ್ನು ನೋಡಿ. ದುಂಡಗಿದ್ದರೆ ಸರಿ. ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಒಂದು ಕಡೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ತೊಟ್ಟನ್ನಷ್ಟೇ ಕಚ್ಚಿ ಹೀರುತ್ತಿದೆ ಅಂತ ಅರ್ಥ. ಆಗ ಹಲ್ಲು ಕಚ್ಚಿಕೊಂಡು ಕೂರಬೇಡಿ. ಬಾಯಿಯ ಮೂಲೆಗೆ ಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಮೊದಲ ದಿನ ನಾನು ಒಂದು ಹೊತ್ತಿಗೆ ಏಳು ಸಲ ಬಿಡಿಸಿ ಹಿಡಿಸಿದ್ದೇನೆ.

ಹುಟ್ಟಿದ ಕೂಡಲೇ ಮಗುವನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆ ಮೇಲೆ ಹಾಕಿ, ಒಂದು ಗಂಟೆಯೊಳಗೆ ಹಾಲುಣಿಸಲು ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಸಿಸೇರಿಯನ್ ಆದರೂ, ನಿಮಗೆ ಎಚ್ಚರವಿದ್ದರೆ ಕೇಳಿ ನೋಡಿ.

ಮನೆಗೆ ಬಂದಮೇಲೆ ವಿಡಿಯೋ ಕಾಲ್ ಶುರು. ನನ್ನಮ್ಮ ಪರದೆಯಲ್ಲಿ ಎರಡು ನಿಮಿಷ ಅಳು ಕೇಳಿ ‘ಹಾಲು ಸಾಲ್ತಿಲ್ಲ ಕಣೇ’ ಅಂದುಬಿಡುತ್ತಿದ್ದಳು. ಪ್ರೀತಿಯಿಂದಲೇ ಅನ್ನಿ. ಆದರೆ ಸಂಜೆ ಹೊತ್ತು ಎಷ್ಟೋ ಮಕ್ಕಳು ಗಂಟೆಗಟ್ಟಲೆ ಎದೆ ಬಿಡುವುದಿಲ್ಲ, ಬಿಟ್ಟರೆ ಅಳುತ್ತವೆ. ಅಳು ಒಂದನ್ನೇ ನಂಬಬೇಡಿ, ಡಯಾಪರ್ ಎಣಿಸಿ. ಮೊದಲ ದಿನ ಒಂದು ಒದ್ದೆ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದನೇ ದಿನದ ಹೊತ್ತಿಗೆ ಆರಾದರೂ ಆಗಬೇಕು. ಕಪ್ಪಗಿದ್ದ ಕಕ್ಕ ಅಷ್ಟರಲ್ಲಿ ಹಳದಿಗೆ ತಿರುಗಿರಬೇಕು. ದಿನಕ್ಕೆ 8ರಿಂದ 12 ಸಲ ಹಾಲು ಕೇಳುವುದು ಮಾಮೂಲಿ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಮೊದಲ ದಿನ ಒಂದು ಹೊತ್ತಿಗೆ ಬರುವುದು ಒಂದು ಚಮಚದಷ್ಟು ಹಳದಿ ಹಾಲು. ಅದನ್ನು ನೋಡಿ ಗಾಬರಿಯಾಗಬೇಡಿ, ಅವತ್ತಿನ ಮಟ್ಟಿಗೆ ಅಷ್ಟೇ ಬೇಕಾಗಿರುವುದು. ಮಗು ಹಾಲಿಗೂ ಏಳದೆ ಮಲಗೇ ಇದ್ದರೆ, ಒದ್ದೆ ಕಡಿಮೆಯಾದರೆ, ಮೈ ಹಳದಿ ಜಾಸ್ತಿಯಾದರೆ ಮಾತ್ರ ಕಾಯದೆ ಅವತ್ತೇ ತೋರಿಸಿ.

ಎದೆ ಕಟ್ಟಿಕೊಂಡು ಗಂಟಾದರೆ ಜೋರಾಗಿ ತಿಕ್ಕಬೇಡಿ. ಮೊದಲು ಹಾಗೇ ಹೇಳುತ್ತಿದ್ದರು, 2022ರಿಂದ ಆ ಸಲಹೆ ಬದಲಾಗಿದೆ. ಈಗ ತಣ್ಣನೆ ಪಟ್ಟಿ ಇಡಿ, ಮೆಲ್ಲಗೆ ಸವರಿ ಅನ್ನುತ್ತಾರೆ. ಜ್ವರ ಬಂದು ಕಡಿಮೆಯಾಗದಿದ್ದರೆ ಡಾಕ್ಟರು.

ನನ್ನ ಎರಡನೆಯವಳ ಕಥೆಯೂ ಹೂವಿನ ಹಾದಿ ಆಗಿರಲಿಲ್ಲ. ಮತ್ತೆ ರಕ್ತ ಹೋಯಿತು, ಮತ್ತೆ ಹಾಲು ತಡವಾಯಿತು. ಹನ್ನೊಂದು ದಿನ ಪೌಡರ್ ಹಾಲು ಸೇರಿಸಿದೆವು. ಆದರೆ ಈ ಸಲ ಪ್ರತಿ ಹೊತ್ತೂ ಮೊದಲು ಎದೆ, ಆಮೇಲೆ ಬಾಟಲಿ, ಆಮೇಲೆ ಪಂಪ್. ಗಂಡ ರಾತ್ರಿ ಮೂರಕ್ಕೆ ಎದ್ದು ಪಂಪಿನ ಬಿಡಿಭಾಗ ತೊಳೆಯುತ್ತಿದ್ದ. ದೊಡ್ಡವನು ಪಕ್ಕದಲ್ಲಿ ತನ್ನ ಕರಡಿಮರಿಗೆ ಹಾಲು ಕುಡಿಸುತ್ತಿದ್ದ. ಐದನೇ ವಾರಕ್ಕೆ ಹಗಲಿನ ಬಾಟಲಿಗಳು ನಿಂತವು. ರಾತ್ರಿಯ ಒಂದು ಬಾಟಲಿ ಕೊನೆವರೆಗೂ ಉಳಿಯಿತು, ಉಳಿಯಲಿ ಬಿಡಿ ಅಂದುಕೊಂಡೆ. ಹದಿನಾಲ್ಕು ತಿಂಗಳು ಕುಡಿದಳು.

ಪಂಪ್ ಈಗಲೇ ಕೊಳ್ಳಬೇಡಿ. ಬಾಡಿಗೆಗೆ ಸಿಗುತ್ತದಾ ಅಂತ ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿ. ಅದರ ಬದಲು ಒಂದು ಚೀಟಿ ಮಾಡಿಟ್ಟುಕೊಳ್ಳಿ, ಅಲ್ಲಿನ ಭಾಷೆಯಲ್ಲೇ, ಗೊತ್ತಿರುವವರ ಹತ್ತಿರ ಬರೆಸಿ: ‘ಮೊದಲ ಮಗುವಿಗೆ ಹಾಲುಣಿಸಲು ಕಷ್ಟವಾಗಿತ್ತು. ಮಗು ಎದೆ ಹಿಡಿಯುವುದನ್ನು ದಯವಿಟ್ಟು ನಿಂತು ನೋಡಿ. ನೋವು ಹತ್ತರಲ್ಲಿ ಇಷ್ಟು.’ ಕೊನೆಯ ಅಂಕಿ ಖಾಲಿ ಬಿಡಿ. ನರ್ಸ್ ಬಂದಾಗ ತುಂಬಿಸಿ ಕೈಗೆ ಕೊಡಿ. ಎಂಟಿದ್ದರೆ ಎಂಟೇ ಬರೆಯಿರಿ, ಸಂಕೋಚಕ್ಕೆ ಮೂರು ಮಾಡಬೇಡಿ.