ಬಂಡೆ ಒಳಗೆ ಯಾರಿದಾರೆ?

ಪ್ರಶ್ನೆ: ಸರ್, ಹೋದ ಭಾನುವಾರ ಮಗಳನ್ನ ಕರ್ಕೊಂಡು ದುರ್ಗದ ಕೋಟೆಗೆ ಹೋಗಿದ್ವಿ, ಅವಳಿಗೆ ಏಳು ವರ್ಷ. ದೊಡ್ಡ ಬಂಡೆ ಎದುರಿಗೆ ನಿಂತು "ಓ" ಅಂತ ಕೂಗಿದ್ಲು, ಆ ಕಡೆಯಿಂದಾನೂ "ಓ" ಅಂತ ಬಂತು. ಒಳಗೆ ಯಾರೋ ಇದಾರೆ ಅಂತ ಒಂದೇ ಹಠ. ನಮ್ಮತ್ತೆ ಬೇರೆ ಓಬವ್ವ ಓಗೊಟ್ಲು ಕಣೇ ಅಂದ್ಬಿಟ್ರು. ಹೇಗೆ ಹೇಳೋದು ಇವಳಿಗೆ? ಕೂಗಿದ ಶಬ್ದ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತಾನೂ ಕೇಳ್ತಾಳೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದ್ಲು ಅತ್ತೆ ಹೇಳಿದ್ದು ಸುಳ್ಳು ಅಂತ ಮಗು ಮುಂದೆ ಅನ್ಬೇಡಿ ಅಮ್ಮಾ, ಓಬವ್ವನ ಕಥೆ ಅದರ ಪಾಡಿಗೆ ಇರ್ಲಿ. "ಶಬ್ದ ಒಂದು ಶಕ್ತಿಯ ರೂಪ" ಅಂತ ಬಾಯಿಪಾಠಾನೂ ಮಾಡಿಸ್ಬೇಡಿ, ಏಳು ವರ್ಷದ ಮಗುಗೆ ಅದ್ರಿಂದ ಏನೂ ತಿಳಿಯಲ್ಲ. ಅವಳ ಕೈನ ಅವಳದೇ ಗಂಟಲ ಮೇಲೆ ಇಡ್ಸಿ "ಮ್‌ಮ್" ಅನ್ನೋಕೆ ಹೇಳಿ. ಜುಮ್ ಅಂತ ಅದುರುತ್ತಲ್ಲ, ಅದೇ ಶಬ್ದದ ಹುಟ್ಟು.

ಆಮೇಲೆ ಒಂದು ಪಾತ್ರೆ ಬಾಯಿಗೆ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ನಾಲ್ಕು ಕಾಳು ಮಂಡಕ್ಕಿ ಉದುರ್ಸಿ, ನಮ್ಮೂರಲ್ಲಿ ಮಂಡಕ್ಕಿಗೇನು ಬರ ಇಲ್ವಲ್ಲ, ಈಗ ಪಾತ್ರೆ ಮುಟ್ಟದೆ ಪಕ್ಕದಲ್ಲೇ ಒಂದು ತಟ್ಟೆ ಹಿಡಿದು ಸೌಟಲ್ಲಿ ಜೋರಾಗಿ ಬಡೀರಿ. ಮಂಡಕ್ಕಿ ಕುಣಿಯುತ್ತೆ. ಕುಣೀದಿದ್ರೆ ಕವರ್ ಇನ್ನೂ ಬಿಗಿ ಮಾಡಿ, ಇಲ್ಲಾ ರವೆ ಹಾಕಿ ನೋಡಿ. ಯಾರು ಕುಣಿಸಿದ್ದು ಅಂತ ಅವಳನ್ನೇ ಕೇಳಿ, ಸ್ವಲ್ಪ ಯೋಚ್ನೆ ಮಾಡ್ಲಿ ಬಿಡಿ. ತಟ್ಟೆ ಅದುರಿ ಪಕ್ಕದ ಗಾಳಿನ ತಳ್ತು, ಆ ಗಾಳಿ ಮುಂದಿನ ಗಾಳಿನ ತಳ್ತು, ಹಂಗೇ ಜಾತ್ರೇಲಿ ಹಿಂದಿನವರು ನೂಕಿದ್ರೆ ಮುಂದಿನವರ ತನಕ ನೂಕು ಬರಲ್ವಾ, ಯಾರೂ ಜಾಗ ಬಿಟ್ಟು ಓಡಿರಲ್ಲ, ನೂಕು ಮಾತ್ರ ಓಡಿರುತ್ತೆ. ಅದು ಕಿವಿ ಒಳಗಿನ ತೆಳು ಪರದೆಗೂ ತಗಲುತ್ತೆ, ಆಗ ಕೇಳ್ಸುತ್ತೆ.

ಈ ನೂಕು ಗಾಳೀಲಿ ಸೆಕೆಂಡಿಗೆ ಹೆಚ್ಚುಕಮ್ಮಿ 340 ಮೀಟರ್ ಓಡುತ್ತೆ. ದುರ್ಗದ ಬಂಡೆ ಗಟ್ಟಿ, ನೂಕನ್ನ ಒಳಗೆ ಬಿಟ್ಕೊಳ್ಳೋದು ಬಹಳ ಕಮ್ಮಿ, ಗೋಡೆಗೆ ಎಸೆದ ಚೆಂಡಿನ ಥರ ವಾಪಸ್ ಕಳಿಸ್ಬಿಡುತ್ತೆ. ಅದೇ ಮಾರ್ದನಿ. ಹಾಗಾದ್ರೆ ಮನೇಲಿ ಯಾಕೆ ಕೇಳ್ಸಲ್ಲ ಅಂತ ಅವಳು ಕೇಳೇ ಕೇಳ್ತಾಳೆ. ಗೋಡೆ ತೀರಾ ಹತ್ರ, ಶಬ್ದ ಹೋಗಿ ಬರೋದು ಎಷ್ಟು ಬೇಗ ಅಂದ್ರೆ ಕೂಗಿದ್ದರ ಜೊತೆಗೇ ಬೆರೆತು ಹೋಗುತ್ತೆ; ಬೇರೆಯಾಗಿ ಕೇಳ್ಬೇಕಂದ್ರೆ ಸುಮಾರು 17 ಮೀಟರಾದ್ರೂ ದೂರ ಬೇಕು. ಸಾಮಾನು ಇಡೋಕೆ ಮುಂಚೆ ಖಾಲಿ ಮನೇಲಿ ಮಾತಾಡಿದ್ರೆ ಗೊಂಯ್ ಅನ್ನಲ್ವಾ, ಅಲ್ಲಿ ಶಬ್ದ ಹೀರ್ಕೊಳ್ಳೋಕೆ ಹಾಸಿಗೆ, ಪರದೆ, ಬಟ್ಟೆ ಯಾವುದೂ ಇರಲ್ಲ.

ಇನ್ನು ಶಬ್ದ ಎಲ್ಲಿಗೆ ಹೋಗುತ್ತೆ ಅನ್ನೋದು, ಇದು ನನಗೆ ಬಹಳ ಹಿಡಿಸಿದ ಪ್ರಶ್ನೆ. ಅದು ನಾಲ್ಕೂ ಕಡೆ ಹರಡ್ತಾ ಹರಡ್ತಾ ತೆಳ್ಳಗಾಗುತ್ತೆ, ಗಾಳಿಗೆ ಗಿಡಕ್ಕೆ ಗೋಡೆಗೆ ಕೊನೇ ಅದುರು ಕೊಟ್ಟು ಒಂದು ಚೂರು ಬಿಸಿಯಾಗಿ ಉಳಿದುಬಿಡುತ್ತೆ, ಕೈಗೆ ಗೊತ್ತೇ ಆಗದಷ್ಟು ಬಿಸಿ. ಅಂಗೈ ಎರಡೂ ಉಜ್ಜಿ ಕೆನ್ನೆಗೆ ಇಟ್ಕೊಳ್ಳೋಕೆ ಹೇಳಿ, ಅಲುಗಾಟ ಬಿಸಿ ಆಗೋದು ಹಿಂಗೇ ಪುಟ್ಟಿ, ನಿನ್ನ "ಓ" ಕೂಡ ಹಂಗೇ ಕೋಟೆ ಕಲ್ಲಲ್ಲಿ, ಗಾಳೀಲಿ ಸೇರ್ಕೊಂಡ್ತು ಅನ್ನಿ.